ಕೃಷಿ ಕಾಯ್ದೆ: ಧರಣಿಗೋ, ಬೆಂಬಲಕ್ಕೋ?

2020ರ ಮೂರು ಕೃಷಿ ಕಾಯ್ದೆಗಳ ವಿಷಯದಲ್ಲಿ ರೈತರೇ ಎರಡು ದಾರಿ ಹಿಡಿದರು. ಪಂಜಾಬಿನವರು ಕಾಯ್ದೆಗಳನ್ನು ವಿರೋಧಿಸಿ ದೆಹಲಿಯ ಸಿಂಘು, ಟಿಕ್ರಿ ಗಡಿಗಳಲ್ಲಿ ವರ್ಷಕ್ಕೂ ಹೆಚ್ಚು ಕಾಲ ಕೂತರು. ಅವರ ಗೋಧಿ, ಭತ್ತವನ್ನು ಮಂಡಿಯಲ್ಲಿ (ಎಪಿಎಂಸಿ ಮಾರುಕಟ್ಟೆಯಲ್ಲಿ) ಬೆಂಬಲ ಬೆಲೆಗೆ ಕೊಳ್ಳುವುದು ಬಹುಪಾಲು ಸರ್ಕಾರವೇ. ಕಾಯ್ದೆ ಹೇಳಿದಂತೆ ಮಂಡಿಯ ಹೊರಗಿನ ವ್ಯಾಪಾರಕ್ಕೆ ಶುಲ್ಕವಿಲ್ಲವೆಂದರೆ ವರ್ತಕರು ಅತ್ತ ಸರಿಯುತ್ತಾರೆ, ಮಂಡಿ ಸೊರಗುತ್ತದೆ, ಖರೀದಿಯೂ ನಿಲ್ಲುತ್ತದೆ ಎಂಬ ಭಯ ಅವರದು. ವ್ಯಾಜ್ಯಗಳಿಗೆ ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿದ್ದಂತೂ ದೊಡ್ಡ ಲೋಪ.

ಮಹಾರಾಷ್ಟ್ರದ ರೈತ ಸಂಘವಾದ ಶೇತಕರಿ ಸಂಘಟನೆ ಕಾಯ್ದೆಗಳನ್ನು ಬೆಂಬಲಿಸಿತು. ಅಲ್ಲಿ ಬೆಳೆಯುವ ಈರುಳ್ಳಿಗೆ ಬೆಂಬಲ ಬೆಲೆಯೇ ಇಲ್ಲ, ಹಾಗಾಗಿ ಅದನ್ನು ಕಳೆದುಕೊಳ್ಳುವ ಭಯವೂ ಇಲ್ಲ. ಅಲ್ಲಿನ ಸಿಟ್ಟು ರಫ್ತು ನಿಷೇಧದ ಮೇಲೆ. 2020ರ ಸೆಪ್ಟೆಂಬರಿನಲ್ಲಿ ಆ ನಿಷೇಧವೂ ಬಂತು.

ಇಂಥ ಕಾಯ್ದೆಯ ಬಗ್ಗೆ ನಿಲುವು ಆರಿಸುವ ಮುನ್ನ ನಿಮ್ಮ ಮಾರಾಟದ ಚೀಟಿ ನೋಡಿ. ರಾಗಿಯನ್ನು ಖರೀದಿ ಕೇಂದ್ರಕ್ಕೆ ಹಾಕುವವರಿಗೆ ಪಂಜಾಬಿನ ಆತಂಕ ತಮ್ಮದೇ. ಟೊಮೆಟೊ ಹರಾಜಿಗೆ ಹಾಕುವವರಿಗೆ ಕಮಿಷನ್, ತೂಕದ ಕಡಿತವೇ ಮೊದಲ ಪ್ರಶ್ನೆ. ಧರಣಿಗೆ ಕೂರುವುದಾದರೆ ಬೇಡಿಕೆ ಖಚಿತವಿರಲಿ: 2021ರ ನವೆಂಬರಿನಲ್ಲಿ ಕಾಯ್ದೆಗಳು ರದ್ದಾದವು, ಬೆಂಬಲ ಬೆಲೆಗೆ ಕಾನೂನಿನ ಖಾತರಿ ಮಾತ್ರ ಸಿಗಲಿಲ್ಲ.