ಹಾಲು ಬಿಟ್ಟು ವೀಗನ್ ಆಗೋದಾ, ಹಾಲು ಇಟ್ಕೊಂಡು ಸಸ್ಯಾಹಾರಿಯಾಗೇ ಇರೋದಾ?

ಹಾಸನದಿಂದ ಒಬ್ರು ಕೇಳಿದಾರೆ, ಮೊಟ್ಟೆ ಮಾಂಸ ಬಿಟ್ಟಾಯ್ತು, ಇನ್ನು ಹಾಲು ಮೊಸರೂ ಬಿಟ್ಟು ವೀಗನ್, ಅಂದ್ರೆ ಪ್ರಾಣಿಗಳಿಂದ ಬರೋದು ಏನೂ ತಿನ್ನದೋರು, ಆಗ್ಲಾ ಅಂತ.

ಪರಿಸರ ನೋಡಿದ್ರೆ ವೀಗನ್ನೇ ಮುಂದೆ. 2018ರಲ್ಲಿ ಸೈನ್ಸ್ ಪತ್ರಿಕೇಲಿ ಬಂದ ಪೂರ್ ಮತ್ತು ನೆಮೆಚೆಕ್ ಅಧ್ಯಯನದ ಪ್ರಕಾರ ಲೀಟರ್ ಹಸುವಿನ ಹಾಲಿಗೆ ಸುಮಾರು 3 ಕೆಜಿ ಹಸಿರುಮನೆ ಅನಿಲ, ಸೋಯಾ ಹಾಲಿಗೆ ಸುಮಾರು 1 ಕೆಜಿ. ಆದ್ರೆ ಇದು ಜಗತ್ತಿನ ಸರಾಸರಿ, ಕೊಟ್ಟಿಗೇಲಿ ರಾಗಿಹುಲ್ಲು ತಿನ್ಕೊಂಡಿರೋ ನಿಮ್ಮನೆ ಒಂದು ಹಸುಗೆ ಅದೇ ಲೆಕ್ಕ ಹಾಕೋಕಾಗಲ್ಲ.

ಆರೋಗ್ಯದ ವಿಷ್ಯ ಸ್ವಲ್ಪ ನಿಧಾನವಾಗಿ ಯೋಚ್ನೆ ಮಾಡಿ. ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನ 2020ರಲ್ಲಿ ಹೇಳಿದ್ದು, ಮಾಂಸ ತಿನ್ನೋರಿಗಿಂತ ವೀಗನ್‌ಗಳಿಗೆ ಮೂಳೆ ಮುರಿಯೋ ಅಪಾಯ 43% ಜಾಸ್ತಿ, ಕ್ಯಾಲ್ಸಿಯಂ ಪ್ರೋಟೀನ್ ಕಮ್ಮಿ ಆಗೋದು ಅದಕ್ಕೆ ಒಂದು ಕಾರಣ. ನಮ್ಮಲ್ಲಿ ರಾಗಿಮುದ್ದೆ, ಹುರುಳಿ ಸಾರು, ಸೊಪ್ಪು ಇದೆಯಲ್ಲ, ಅದು ದೊಡ್ಡ ಆಸರೆ. ವಿಟಮಿನ್ ಬಿ12 ಮಾತ್ರ ಸೊಪ್ಪು ಕಾಳಲ್ಲಿ ಸಿಗಲ್ಲ, ವೀಗನ್ ಆದ್ರೆ ಮಾತ್ರೆ ತಗೋಳ್ಲೇಬೇಕು, ಹಾಲು ಕುಡಿಯೋರೂ ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಕೊಳ್ಳೋದು ಒಳ್ಳೇದು.

ಖರ್ಚು? ಪ್ಯಾಕೆಟ್ ಸೋಯಾ ಹಾಲು ದುಬಾರಿ, ಸೋಯಾ ಕಾಳು ನೆನೆಸಿ ರುಬ್ಬಿ ಸೋಸಿ ಕುದಿಸಿದ್ರೆ ಅಗ್ಗ.

ಕಾಫಿಗೆ ಬಂದ್ರೆ, ಬಿಸಿ ಡಿಕಾಕ್ಷನ್‌ಗೆ ತಣ್ಣಗಿನ ಸೋಯಾ ಹಾಲು ಹಾಕ್ದಾಗ ಲೋಟದಲ್ಲಿ ಬಿಳಿ ಚೂರು ಚೂರು ಒಡೆದು ತೇಲ್ತು, ಹಾಲು ಬೆಚ್ಚಗೆ ಮಾಡಿ ಅದಕ್ಕೇ ಡಿಕಾಕ್ಷನ್ ನಿಧಾನಕ್ಕೆ ಬಿಟ್ಟಾಗ ಸರಿಹೋಯ್ತು.

ಪೇಟೇಲಿದ್ದು ಹಾಲು ಕೊಂಡು ಕುಡಿಯೋರು, ಮಾತ್ರೆ ಮರೀದೇ ಇರೋರು ಧೈರ್ಯವಾಗಿ ವೀಗನ್ ಆಗಿ. ಮನೇಲಿ ವಯಸ್ಸಾದೋರು, ಬಸುರಿ, ಚಿಕ್ಕ ಮಕ್ಕಳಿದ್ರೆ ಡಾಕ್ಟರ್ ಹತ್ರ ಮಾತಾಡೋವರೆಗೂ ಅವ್ರ ಮಜ್ಜಿಗೆ ಲೋಟ ಕಿತ್ಕೋಬೇಡಿ.