ದೆವ್ವಕ್ಕೆ ಇಪ್ಪತ್ತು ನಿಮಿಷ, ಒಸಿಯೋಲಾಗೆ ಎರಡೇ ನಿಮಿಷ

ಫ್ಲಾರಿಡಾದ ಸೇಂಟ್ ಆಗಸ್ಟೀನ್‌ನಲ್ಲಿ ಊರು ತೋರಿಸುವ ವಾಕಿಂಗ್ ಟೂರ್ ಒಂದನ್ನು ಬುಕ್ ಮಾಡಿದ್ದೆ. ತಲೆಗೆ 30 ಡಾಲರ್, ಒಂದೂವರೆ ಗಂಟೆ. ಕಂಪನಿ ಹೆಸರು ಬೇಡ ಬಿಡಿ. ಗೈಡ್ ಹುಡುಗ ಚೆನ್ನಾಗಿ ಮಾತಾಡುತ್ತಾನೆ, ನಗಿಸುತ್ತಾನೆ. ಆದರೆ ಬರೀ ಕಡಲ್ಗಳ್ಳರು, ದೆವ್ವ, ಮತ್ತೆ ದೆವ್ವ. ಊರಿನ ಹಳೇ ಕೋಟೆ ಕಸ್ತೀಯೋ ದೆ ಸಾನ್ ಮಾರ್ಕೋಸ್‌ನ ಹೊರಗೆ ನಿಂತು "ಇಲ್ಲಿನ ಮೂಲನಿವಾಸಿ ಸೆಮಿನೋಲರ ನಾಯಕ ಒಸಿಯೋಲಾ ಯುದ್ಧದಲ್ಲಿ ಸಿಕ್ಕಿಬಿದ್ದ, ಇಲ್ಲೇ ಕೂಡಿಹಾಕಿದ್ದರು" ಅಂದವನೇ ಮುಂದಕ್ಕೆ ನಡೆದುಬಿಟ್ಟ.

ಯುದ್ಧದಲ್ಲಿ ಅಲ್ಲ ಕಣ್ರೀ! 1837ರ ಅಕ್ಟೋಬರ್‌ನಲ್ಲಿ ಮಾತುಕತೆಗೆಂದು ಬಿಳಿ ಬಾವುಟ ಹಾರಿಸಿಕೊಂಡು ಕೂತಿದ್ದವನನ್ನು ಅಮೆರಿಕ ಸೈನ್ಯದ ಜನರಲ್ ಜೆಸಪ್‌ನ ಅಪ್ಪಣೆಯಂತೆ ಸೈನಿಕರು ಸುತ್ತುವರಿದು ಹಿಡಿದರು. ನಾನು ಹೀಗಂದರೆ ಹುಡುಗ "ಹೌದಾ?" ಅಂದ, ಅಷ್ಟೇ.

ಮಾರನೇ ದಿನ ಅಮ್ಮನನ್ನು ಕರೆದುಕೊಂಡು ಕೋಟೆಯೊಳಗೇ ಹೋದೆ. ಟಿಕೆಟ್ 15 ಡಾಲರ್, ಏಳು ದಿನ ನಡೆಯುತ್ತದೆ. ಸ್ಪೇನಿನವರು 1672ರಲ್ಲಿ ಕಟ್ಟಲು ಶುರುಮಾಡಿದ್ದು. ಗೋಡೆ ಕೊಕ್ವಿನಾ ಕಲ್ಲಿನದು, ಹತ್ತಿರದಿಂದ ನೋಡಿದರೆ ಬರೀ ಚಿಪ್ಪಿನ ಚೂರುಗಳು. ಸೆಮಿನೋಲರನ್ನು ಕೂಡಿಹಾಕಿದ್ದ ಕೋಣೆಯಲ್ಲಿ ತಂಪು. ಕಿಟಕಿ ಮಾತ್ರ ಎಲ್ಲೋ ಮೇಲೆ. ಒಂದು ಗೇಣು ಅಗಲ ಇದ್ದರೆ ಜಾಸ್ತಿ.

ಆ ನವೆಂಬರ್ ಕೊನೆಯ ಒಂದು ರಾತ್ರಿ ಇನ್ನೊಬ್ಬ ಸೆಮಿನೋಲ್ ನಾಯಕ ಕೊವಕೂಚಿ ಮತ್ತು ಅವನ ಜೊತೆಯವರು, ಒಟ್ಟು 20 ಜನ, ಇಲ್ಲಿಂದ ಪಾರಾದರು. ಅವರಲ್ಲಿ ಇಬ್ಬರು ಹೆಂಗಸರು. ಇಂಥ ಸಂದಿಯಲ್ಲಿ ನುಸುಳಿ, ಹಗ್ಗ ಹಿಡಿದು ಆಚೆ ಇಳಿದೆವು ಅಂತ ಕೊವಕೂಚಿಯೇ ಆಮೇಲೆ ಹೇಳಿಕೊಂಡಿದ್ದಾನೆ. ಒಂದು ತಿಂಗಳೊಳಗೆ, ಡಿಸೆಂಬರ್ 25ಕ್ಕೆ, ಒಕಿಚೋಬಿ ಸರೋವರದ ಹತ್ತಿರ ಅಮೆರಿಕದ ಸೇನಾಧಿಕಾರಿ ಜಕಾರಿ ಟೇಲರ್‌ನ ಸೈನ್ಯಕ್ಕೆ ಎದುರು ನಿಂತಿದ್ದ. ದೆವ್ವ ಯಾಕೆ ಬೇಕಿತ್ತು, ಇದು ಸಾಲದಾ?

ಕಾಯಿಲೆ ಬಿದ್ದಿದ್ದ ಒಸಿಯೋಲಾ ಹೋಗಲಿಲ್ಲ. ಅವನನ್ನು ಸೌತ್ ಕ್ಯಾರೊಲೈನಾದ ಫೋರ್ಟ್ ಮೌಲ್ಟ್ರಿಗೆ ಸಾಗಿಸಿದರು. 1838ರ ಜನವರಿ 30ರಂದು ಅಲ್ಲೇ ತೀರಿಕೊಂಡ.

ಅಮ್ಮ ಮೆಟ್ಟಿಲ ಮೇಲೆ ಕೂತು ಕೇಳಿದರು: "ಅವರ ಊರಿಂದ ಅವರನ್ನೇ ಯಾಕೆ ಓಡಿಸಬೇಕಿತ್ತೋ?" ಜಮೀನಮ್ಮಾ, ಅಂದೆ. 1832ರಲ್ಲಿ ಅಮೆರಿಕ ಸರ್ಕಾರದವರು ಒಂದು ಒಪ್ಪಂದ ಮಾಡಿಸಿ, ಗಂಟುಮೂಟೆ ಕಟ್ಟಿ ಮಿಸಿಸಿಪಿ ನದಿಯಾಚೆ ಹೋಗಿ ಅಂದರು. ಗುಲಾಮಗಿರಿಯಿಂದ ಓಡಿಬಂದ ಕಪ್ಪು ಜನಕ್ಕೂ ಸೆಮಿನೋಲರ ಹತ್ತಿರ ಆಸರೆ ಸಿಗುತ್ತಿತ್ತು, ತೋಟದ ಮಾಲೀಕರಿಗೆ ಅದೂ ಕಣ್ಣುರಿ. ಸಾವಿರಾರು ಜನರನ್ನು ಸಾಗಿಸಿದರು. ಆದರೆ ಅವರದೇ ಮುದುಕ ನಾಯಕ ಅಬಿಯಾಕಾ ಕೊನೇವರೆಗೂ ಶರಣಾಗಲಿಲ್ಲ, ಜೌಗುಕಾಡಿನಲ್ಲೇ ಉಳಿದ. ಅವನ ಜೊತೆ ಉಳಿದ ಕೆಲವೇ ನೂರು ಜನರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಫ್ಲಾರಿಡಾದಲ್ಲಿದ್ದಾರೆ. "ಗಟ್ಟಿ ಮುದುಕ" ಅಂದರು ಅಮ್ಮ.

ಟೂರ್‌ಗೆ ಐದರಲ್ಲಿ ಎರಡು ಸ್ಟಾರ್, ಅದೂ ಹುಡುಗನ ನಗುಮುಖಕ್ಕೆ. ಒಂದೂವರೆ ಗಂಟೆಯಲ್ಲಿ ಎಲ್ಲೂ ಕೂರಿಸುವುದಿಲ್ಲ, ಮಂಡಿನೋವು ಇದ್ದವರು ಹೋಗಲೇಬೇಡಿ. ಕೋಟೆಗೆ ಐದಕ್ಕೆ ಐದು. ಬೆಳಿಗ್ಗೆ ಬೇಗ ಹೋಗಿ, ಫಿರಂಗಿ ಇಟ್ಟಿರುವ ಮೇಲಿನ ಅಟ್ಟದಲ್ಲಿ ನೆರಳೇ ಇಲ್ಲ.