‘ನೋಡು’ ಒಂದು, ಇಂಗ್ಲಿಷಿನಲ್ಲಿ ಮೂರು: ಅರ್ಥ ಎಲ್ಲಿ ಹುಡುಕಬೇಕು?

ಇಂಗ್ಲಿಷ್ ಪದದ ಅರ್ಥಕ್ಕೆ ಇರುವ ದಾರಿ ಮುಖ್ಯವಾಗಿ ಮೂರು: ಇಂಗ್ಲಿಷ್–ಕನ್ನಡ ನಿಘಂಟು, ಸರಳ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಲರ್ನರ್ಸ್ ಡಿಕ್ಷನರಿ, ಫೋನಿನ ಅನುವಾದ. ಒಂದೇ ಪದಗಳನ್ನು ಮೂರರಲ್ಲೂ ಹುಡುಕಿ ನೋಡಿದೆವು.

ವಸ್ತುಗಳ ಹೆಸರಿಗೆ ಕನ್ನಡ ನಿಘಂಟೇ ಗೆಲ್ಲುತ್ತದೆ. ‘ಸ್ಟಾರ್ಕ್’ ಎಂದರೆ ಉದ್ದ ಕಾಲಿನ, ಉದ್ದ ಕೊಕ್ಕಿನ ದೊಡ್ಡ ಹಕ್ಕಿ ಎಂಬ ಇಂಗ್ಲಿಷ್ ವಿವರಣೆ ಓದಿದರೂ ಯಾವ ಹಕ್ಕಿ ಎಂದು ಗೊತ್ತಾಗುವುದಿಲ್ಲ. ಕೊಕ್ಕರೆ ಎಂದರೆ ಸಾಕು, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರೇ ಕಣ್ಣ ಮುಂದೆ ಬರುತ್ತದೆ. ಜೀರಿಗೆ, ಕಾಮಾಲೆಗಳಿಗೂ ಇದೇ ಮಾತು.

ಕ್ರಿಯಾಪದ ಬಂದಾಗ ಕಥೆ ಬೇರೆ. ಸೀ, ಲುಕ್, ವಾಚ್ ಮೂರಕ್ಕೂ ಕನ್ನಡದಲ್ಲಿ ಮೊದಲು ಸಿಗುವುದು ‘ನೋಡು’. ಲರ್ನರ್ಸ್ ಡಿಕ್ಷನರಿ ಇವನ್ನು ಬಿಡಿಸಿ ಕೊಡುತ್ತದೆ. ಮಹಡಿ ಮೇಲಿಂದ ಚಾಮುಂಡಿ ಬೆಟ್ಟ ತಾನಾಗಿ ಕಾಣುತ್ತದಲ್ಲ, ಅದು ಸೀ. ‘ಅಲ್ನೋಡು’ ಎಂದಾಗ ಬೇಕೆಂದೇ ಕಣ್ಣು ಹೊರಳಿಸುವುದು ಲುಕ್. ಯಾವುದನ್ನು ಎಂದು ಹೇಳಬೇಕಾದರೆ ಲುಕ್ ಆದಮೇಲೆ ‘ಆಟ್’ ಬೇಕು. ಜಂಬೂಸವಾರಿ ಸಾಗುವುದನ್ನು ಕುಳಿತು ಗಮನವಿಟ್ಟು ನೋಡುವುದು ವಾಚ್.

ಇನ್ನೊಂದು ಪದ ‘ಡಿಸ್ಕಸ್’. ಕನ್ನಡ ನಿಘಂಟು ‘ಚರ್ಚಿಸು’ ಎನ್ನುತ್ತದೆ, ತಪ್ಪೇನಿಲ್ಲ. ಆದರೆ ನಾವು ಕಾವೇರಿ ನೀರಿನ ‘ಬಗ್ಗೆ’ ಚರ್ಚಿಸುವವರು. ಆ ‘ಬಗ್ಗೆ’ ಇಂಗ್ಲಿಷಿಗೂ ನುಗ್ಗಿ ‘ಡಿಸ್ಕಸ್ ಅಬೌಟ್’ ಆಗುತ್ತದೆ, ಅದು ತಪ್ಪು. ಡಿಸ್ಕಸ್ ಆದಮೇಲೆ ನೇರವಾಗಿ ವಿಷಯ ಬರಬೇಕು. ‘ಡಿಸ್ಕಷನ್’ ಎಂಬ ನಾಮಪದಕ್ಕೆ ಮಾತ್ರ ಅಬೌಟ್ ಸರಿ. ಇದನ್ನು ತೋರಿಸುವುದು ಲರ್ನರ್ಸ್ ಡಿಕ್ಷನರಿಯ ಉದಾಹರಣೆ ವಾಕ್ಯ. ಅರ್ಥಕ್ಕಿಂತ ಮೊದಲು ಅದನ್ನೇ ಓದಬೇಕು.

‘ಬಾರೋ’ (borrow), ‘ಲೆಂಡ್’ (lend) ಗೊಂದಲಕ್ಕೆ ನಮ್ಮ ವಿಭಕ್ತಿಯೇ ಮದ್ದು. ‘ಗೆಳೆಯನಿಂದ’ ಪುಸ್ತಕ ಎರವಲು ತಂದರೆ ಬಾರೋ, ಜತೆಗೆ ‘ಫ್ರಮ್’. ‘ಗೆಳೆಯನಿಗೆ’ ಎರವಲು ಕೊಟ್ಟರೆ ಲೆಂಡ್, ಜತೆಗೆ ‘ಟು’. ಇಲ್ಲಿ ಕನ್ನಡದಲ್ಲಿ ಯೋಚಿಸಿದವರೇ ಬೇಗ ಸರಿಯಾಗುತ್ತಾರೆ.

ಲರ್ನರ್ಸ್ ಡಿಕ್ಷನರಿಗೂ ಒಂದು ತೊಡಕಿದೆ. 1978ರಲ್ಲಿ ಮೊದಲು ಬಂದ ಲಾಂಗ್‌ಮನ್ ಲರ್ನರ್ಸ್ ಡಿಕ್ಷನರಿ ಸುಮಾರು 2000 ಪದಗಳಲ್ಲೇ ಅರ್ಥಗಳನ್ನೆಲ್ಲ ವಿವರಿಸುವ ಕ್ರಮ ಹಿಡಿಯಿತು. ಆ ಪದಗಳೇ ಗೊತ್ತಿಲ್ಲದವರಿಗೆ ಒಂದು ಹುಡುಕಲು ಹೋಗಿ ನಾಲ್ಕು ಹುಡುಕುವ ಪಾಡು. ಒಂದು ವಿವರಣೆಯಲ್ಲಿ ಎರಡಕ್ಕಿಂತ ಹೆಚ್ಚು ಪದ ಗೊತ್ತಾಗದಿದ್ದರೆ ಸದ್ಯಕ್ಕೆ ಕನ್ನಡ ನಿಘಂಟೇ ಲೇಸು.

ಫೋನಿನ ಅನುವಾದಕ್ಕೆ ಬಿಡಿ ಪದ ಕೊಡಬೇಡಿ. ಬರೀ ‘ವಾಚ್’ ಎಂದರೆ ಕೈಗಡಿಯಾರವೋ ನೋಡುವುದೋ, ಅದಕ್ಕೆ ತಿಳಿಯುವ ದಾರಿಯಿಲ್ಲ. ಇಡೀ ವಾಕ್ಯ ಕೊಡಿ. ಉಚ್ಚಾರ ಕೇಳಿಸಿಕೊಳ್ಳಲು ಮಾತ್ರ ಫೋನು ನಿಜಕ್ಕೂ ಉಪಯೋಗ. ಕಾಗದದ ನಿಘಂಟು ಅದನ್ನು ಕೊಡಲಾರದು.

ದಿನಕ್ಕೆ ಐದೇ ಪದ ಸಾಕು. ನೋಟ್‌ಬುಕ್ಕಿನಲ್ಲಿ ಪದ, ಅದರ ಜತೆ ಬರುವ ಆಟ್, ಫ್ರಮ್, ಟು ಥರದ ಚಿಕ್ಕ ಪದ, ನಿಮ್ಮೂರಿನದೇ ಒಂದು ವಾಕ್ಯ ಬರೆಯಿರಿ. ಮಾರನೇ ದಿನ ವಾಕ್ಯ ಮುಚ್ಚಿ, ಪದ ಮಾತ್ರ ನೋಡಿಕೊಂಡು ಹೊಸ ವಾಕ್ಯ ಬರೆಯಿರಿ. ಚಿಕ್ಕ ಪದ ತಪ್ಪಿದರೆ ಆ ಪದವನ್ನು ಮರುದಿನದ ಐದರಲ್ಲಿ ಮತ್ತೆ ಸೇರಿಸಿ.